ವಾಷರ್ ನೀರು ಬರ್ತಿಲ್ಲ ಅಂದ ಕೂಡ್ಲೆ ಮೋಟಾರ್ ಹಾಕಿಸ್ಬೇಡಿ

ಕೊಡಗಲ್ಲಿ ಕಾರ್ ಓಡಿಸೋರು ದಯವಿಟ್ಟು ಓದಿ. ಮುಂದಿನ ಗಾಜಿಗೆ ನೀರು ಬರ್ತಿಲ್ಲ ಅಂತ ಗ್ಯಾರೇಜಿಗೆ ಹೋದ್ರೆ ಬಾನೆಟ್ ಎತ್ತೋಕೂ ಮುಂಚೆ "ಮೋಟಾರ್ ಹೋಗಿದೆ" ಅಂತಾರೆ, ಹಾಗೇ ಒಪ್ಕೋಬೇಡಿ. ಮೋಟಾರ್ ಅಂದ್ರೆ ವಾಷರ್ ಟ್ಯಾಂಕಿನ ನೀರನ್ನ ಗಾಜಿಗೆ ತಳ್ಳೋ ಸಣ್ಣ ಪಂಪು.

ಮಳೆ ಶುರುವಾಗೋ ಮುಂಚೆ ಕುಶಾಲನಗರ ಕಡೆ ಒಂದು ಗ್ಯಾರೇಜಿಗೆ ಬಿಟ್ಟಿದ್ದೆ. ಸ್ಟೇರಿಂಗ್ ಪಕ್ಕದ ವೈಪರ್ ಲಿವರ್ ಎಳೆದ್ರೆ ಗುಂಯ್ ಅಂತ ಸೌಂಡ್ ಬರುತ್ತೆ, ನೀರು ಮಾತ್ರ ಬರಲ್ಲ ಅಂತ ಬಿಡಿಸಿ ಹೇಳಿದ್ದೆ. ಸಂಜೆ ಹೊಸ ಮೋಟಾರ್ ಹಾಕಿ ಲೇಬರ್ ಸೇರಿಸಿ ಬಿಲ್ ಕೊಟ್ರು, ಒಂದ್ಸಲ ನೀರು ಚಿಮ್ಮಿಸಿ ತೋರಿಸಿದ್ರು, ಹಳೇ ಮೋಟಾರ್ ಕೇಳಿ ಡಿಕ್ಕಿಗೆ ಹಾಕ್ಕೊಂಡು ಬಂದೆ.

ಆಮೇಲೆ ಸಂಪಾಜೆ ಘಾಟಿ ಇಳೀವಾಗ ವಾಷರ್ ಮತ್ತೆ ಕೈ ಕೊಡ್ತು. ಜೋರು ಮಳೇಲಿ ತೊಂದ್ರೆ ಇಲ್ಲ, ಗಾಜು ತಾನಾಗೇ ತೊಳ್ಕೊಳುತ್ತೆ. ಮಳೆ ನಿಂತು ರೋಡ್ ಮಾತ್ರ ಒದ್ದೆ ಇದ್ದಾಗಲೇ ಕಷ್ಟ, ಮುಂದೆ ಹೋಗ್ತಿದ್ದ ಲಾರಿ ಕೆಂಪು ಕೆಸರು ಎರಚ್ತು, ವೈಪರ್ ಹಾಕಿದ್ರೆ ಅದು ಇಡೀ ಗಾಜಿಗೆ ಬಳ್ಕೊಂಡ್ತು, ಲಿವರ್ ಎಳೀತೀನಿ ನೀರಿಲ್ಲ, ಮುಂದೆ ತಿರುವು, ಎದುರಿಂದ ಬಸ್ಸಿನ ಹಾರ್ನ್. ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಗೋ ಸೈಡಿಗೆ ನಿಲ್ಲಿಸ್ದೆ. ಪಕ್ಕದಲ್ಲಿ ಅಮ್ಮ ಕೂತಿದ್ರು, ಈಗ್ಲೂ ನೆನೆಸ್ಕೊಂಡ್ರೆ ಮೈ ನಡುಗುತ್ತೆ.

ನಾಪೋಕ್ಲಲ್ಲಿ ಪರಿಚಯದ ಒಬ್ರು ಹಳೇ ಮೆಕ್ಯಾನಿಕ್ ಹತ್ರ ತೋರಿಸ್ದೆ. ಬಾನೆಟ್ ಎತ್ತಿ "ಲಿವರ್ ಎಳೀರಿ ಸಾರ್" ಅಂದ್ರು. ಗಾಜಿಗೆ ನೀರು ಚಿಮ್ಮಿಸೋ ನಳಿಗೆ (ನಾಜಲ್) ಹೋಗೋ ಸಣ್ಣ ಪೈಪು ಬಾನೆಟ್ ಕೀಲಿನ ಹತ್ರ ತೊಟ್ಟಿಕ್ತಿತ್ತು. ಅಲ್ಲಿ ಕಪ್ಪು ಟೇಪ್ ಸುತ್ತಿದ್ರು! ಬಿಚ್ಚಿದ್ರೆ ಒಳಗೆ ಇಲಿ ಹಲ್ಲಿನ ಗುರುತು. ಅಂದ್ರೆ ಆ ಗ್ಯಾರೇಜಿನೋರಿಗೆ ಪೈಪ್ ತೂತಾಗಿದ್ದು ಗೊತ್ತಿತ್ತು, ಟೇಪ್ ಹಚ್ಚಿ ಮೋಟಾರಿನ ದುಡ್ಡು ತಗೊಂಡಿದ್ದಾರೆ. ಹಳೇ ಮೋಟಾರನ್ನ ಬಕೆಟ್ ನೀರಲ್ಲಿ ಇಟ್ಟು ಬ್ಯಾಟರಿಗೆ ವಯರ್ ಮುಟ್ಟಿಸಿದ್ರೆ ನೀರು ಆಳೆತ್ತರ ಹಾರ್ತು. ಕಡಿದಿದ್ದ ಭಾಗ ಕತ್ತರಿಸಿ, ಮೀನಿನ ತೊಟ್ಟಿಗೆ ಹಾಕೋ ಪ್ಲಾಸ್ಟಿಕ್ ಜಾಯಿಂಟ್ ಸಿಗಿಸಿದ್ರು, ಅಷ್ಟೇ ಕೆಲ್ಸ. ಗ್ಯಾರೇಜಿಗೆ ಹೋಗಿ ಕೇಳಿದ್ರೆ "ಹೊಸ ಪಾರ್ಟ್ ಹಾಕಿದ್ದೀವಲ್ಲ ಸಾರ್" ಅಂದ್ರು, ದುಡ್ಡು ವಾಪಸ್ ಇಲ್ಲ.

ನಿಮಗೂ ಹೀಗಾದ್ರೆ ಮೊದ್ಲು ಕಿವಿಗೊಟ್ಟು ಕೇಳಿ. ಸೌಂಡ್ ಬರ್ತಿದ್ರೆ ಮೋಟಾರ್ ಹೆಚ್ಚಾಗಿ ಚೆನ್ನಾಗೇ ಇರುತ್ತೆ, ಟ್ಯಾಂಕಲ್ಲಿ ನೀರಿದ್ಯಾ, ಪೈಪ್ ಕಳಚಿದ್ಯಾ, ಎರಡು ನಳಿಗೆ ಕವಲೊಡೆಯೋ ಟಿ ಜಾಯಿಂಟ್ ಬಿಟ್ಟಿದ್ಯಾ, ನಳಿ ತೂತಲ್ಲಿ ಕಸ ಕಟ್ಟಿದ್ಯಾ ನೋಡಿ. ಪೈಪನ್ನ ನಳಿ ಹತ್ರ ಕಿತ್ತು ಲಿವರ್ ಎಳೆದಾಗ ನೀರು ಬಂದ್ರೆ ನಳಿ ಕಟ್ಕೊಂಡಿದೆ, ಬರದಿದ್ರೆ ತೊಂದ್ರೆ ಕೆಳಗೆ ಪೈಪ್ ಅಥವಾ ಟ್ಯಾಂಕ್ ಕಡೆ ಇದೆ. ಬಾವಿ ನೀರು, ತೋಡಿನ ನೀರು ಹಾಕಿದ್ರೆ ಪಾಚಿ ಬೆಳೆದು ಮೋಟಾರ್ ಬುಡದ ಜಾಲರಿಗೆ ಕಟ್ಟುತ್ತೆ, ಅದನ್ನ ತೊಳೆದ್ರೂ ಸಾಕು. ಸೌಂಡೇ ಇಲ್ಲ ಅಂದ್ರೆ ಮೊದ್ಲು ಫ್ಯೂಸ್ ನೋಡಿ, ಆಮೇಲೆ ಮೋಟಾರಿಗೆ ಕರೆಂಟ್ ಕೊಡೋ ಕನೆಕ್ಟರ್ ಕಿತ್ತು, ಯಾರಾದ್ರೂ ಲಿವರ್ ಎಳೀತಿರುವಾಗ ಅದರ ಎರಡು ಪಿನ್ನಿಗೆ 12 ವೋಲ್ಟ್ ಟೆಸ್ಟ್ ಲ್ಯಾಂಪ್ (ಕರೆಂಟ್ ಬರ್ತಿದ್ಯಾ ಅಂತ ತೋರಿಸೋ ಬಲ್ಬು) ಹಿಡೀರಿ. ಲೈಟ್ ಉರಿದು, ಕನೆಕ್ಟರ್ ವಾಪಸ್ ಹಾಕಿದ್ರೂ ಮೋಟಾರ್ ತಿರುಗದಿದ್ರೆ ಮಾತ್ರ ಬದಲಾಯಿಸಿ. ಟ್ಯಾಂಕ್ ಖಾಲಿ ಇದ್ದಾಗ ಲಿವರ್ ಎಳೀತಾ ಇರ್ಬೇಡಿ, ನೀರಿಲ್ದೆ ಓಡಿದ್ರೆ ಚೆನ್ನಾಗಿರೋ ಮೋಟಾರೂ ಸುಟ್ಟೋಗಬಹುದು.

ತೋಟದ ಮನೇಲಿ ಕಾರ್ ನಿಲ್ಸೋರು ಮಳೆಗಾಲದಲ್ಲಿ ಬಾನೆಟ್ ಎತ್ತಿ ಆ ಪೈಪ್ ಮೇಲೊಂದು ಕಣ್ಣು ಹಾಯಿಸ್ತಿರಿ, ಘಾಟಿಗೆ ಹೊರಡೋ ಮುಂಚೆ ಮನೆ ಮುಂದೇನೇ ಒಂದ್ಸಲ ನೀರು ಚಿಮ್ಮಿಸಿ ನೋಡಿ.