ಮಾವನ ನಿಕಾನ್ ಲೆನ್ಸಿಗೆ ಎಫ್‌ಟಿಜೆಡ್ 2 ಬೇಕೋ, ಸಾದಾ ರಿಂಗ್ ಸಾಕೋ?

ಸೋದರಮಾವ ವರ್ಷಗಟ್ಟಲೆ ಬಳಸಿದ ನಿಕಾನ್ 50 ಎಂಎಂ ಎಫ್/1.8ಡಿ ಲೆನ್ಸನ್ನು "ನೀನೇ ಇಟ್ಕೋ, ಬೀರುವಿನಲ್ಲಿ ಫಂಗಸ್ ಹಿಡಿಯೋದು ಬೇಡ" ಎಂದು ನನ್ನ ಕೈಗಿಟ್ಟರು. ನನ್ನ ಕ್ಯಾಮೆರಾ ನಿಕಾನ್‌ನ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಜೆಡ್5, ಹಳೆಯ ಲೆನ್ಸ್ ಅದಕ್ಕೆ ನೇರವಾಗಿ ಕೂರುವುದಿಲ್ಲ, ನಡುವೆ ಅಡಾಪ್ಟರ್ ಬೇಕು. ಸ್ನೇಹಿತನಿಂದ ನಿಕಾನ್‌ನದೇ ಅಡಾಪ್ಟರ್ ಎಫ್‌ಟಿಜೆಡ್ 2 ಎರಡು ವಾರದ ಮಟ್ಟಿಗೆ ಇಸಕೊಂಡೆ. ಜೊತೆಗೆ 1,800 ರೂಪಾಯಿಗೆ ಅದೇ ಕೆಲಸದ, ವಿದ್ಯುತ್ ಸಂಪರ್ಕವಿಲ್ಲದ ಒಂದು ಸಾದಾ ಲೋಹದ ರಿಂಗ್ ಕೊಂಡೆ.

ಎಫ್‌ಟಿಜೆಡ್‌ನಲ್ಲಿ ಆಟೋಫೋಕಸ್ ಅಲ್ಲಾಡಲೇ ಇಲ್ಲ. ಚಿನ್ನದ ಬಣ್ಣದ ಕಾಂಟ್ಯಾಕ್ಟ್‌ಗಳನ್ನು ಒರೆಸಿ, ಬಿಚ್ಚಿ ಹಾಕಿ ನೋಡಿದರೂ ಅಷ್ಟೇ. ಆದರೆ ಕೆಟ್ಟದ್ದು ಯಾವುದೂ ಅಲ್ಲ. ಹೆಸರಿನ ಕೊನೆಗೆ 'ಡಿ' ಇರುವ ಈ ಲೆನ್ಸಿನೊಳಗೆ ಫೋಕಸ್ ಮೋಟಾರ್ ಇಲ್ಲ. ಹಳೆಯ ಕ್ಯಾಮೆರಾಗಳು ತಮ್ಮ ಮೋಟಾರಿನಿಂದ ಅದನ್ನು ತಿರುಗಿಸುತ್ತಿದ್ದವು, ಎಫ್‌ಟಿಜೆಡ್‌ನಲ್ಲಿ ಆ ಮೋಟಾರ್ ಇಲ್ಲ. ನನ್ನದೇ ಇನ್ನೊಂದು ಲೆನ್ಸ್, ಒಳಗೆ ಮೋಟಾರ್ ಇರುವ 1.8ಜಿ ಹಾಕಿದರೆ ಆಟೋಫೋಕಸ್ ಸಲೀಸಾಗಿ ಬಂತು. ಕೊಳ್ಳುವ ಮುಂಚೆ ಲೆನ್ಸಿನ ಮೇಲೆ 'ಎಎಫ್-ಎಸ್' (ಒಳಗೇ ಮೋಟಾರ್ ಇದೆ ಎಂಬ ಗುರುತು) ಎಂದಿದೆಯೇ ನೋಡಿಕೊಳ್ಳಿ. ಡಿ ಲೆನ್ಸಿಗೆ ಎಫ್‌ಟಿಜೆಡ್‌ನಿಂದ ಸಿಗುವುದು ಇಷ್ಟು: ಲೆನ್ಸಿನ ಮೇಲಿನ ಅಪರ್ಚರ್ ಬಳೆಯನ್ನು 22ಕ್ಕೆ ಲಾಕ್ ಮಾಡಿದರೆ ಅಪರ್ಚರ್ (ಬೆಳಕು ಒಳಬರುವ ಕಿಂಡಿಯ ಅಳತೆ) ಕ್ಯಾಮೆರಾದ ಡಯಲ್‌ನಿಂದಲೇ ಬದಲಾಗುತ್ತದೆ, ಫೋಟೋದ ಜೊತೆ ಅದರ ವಿವರವೂ ದಾಖಲಾಗುತ್ತದೆ, ಫೋಕಸ್ ಕೂತಾಗ ಚೌಕ ಹಸಿರಾಗುತ್ತದೆ.

ನಿಜವಾಗಿ ಕಾಡಿದ್ದು ಸಾದಾ ರಿಂಗ್. "ಸರ್, ಮಿರರ್‌ಲೆಸ್‌ಗೆ ಎಲ್ಲಾ ಕೂರುತ್ತೆ" ಎಂದಿದ್ದರು ಅಂಗಡಿಯವರು. ಕೂತಿತು, ಆದರೆ ಲಾಲ್‌ಬಾಗ್ ಬಂಡೆಯ ಮೇಲೆ ನಿಂತು ದೂರದ ಕಟ್ಟಡಗಳತ್ತ ತಿರುಗಿಸಿದರೆ ಒಂದೂ ಚೂಪಾಗಲಿಲ್ಲ. ಫೋಕಸ್ ರಿಂಗ್ ಕೊನೆ ಮುಟ್ಟಿದರೂ ಕಿಟಕಿಗಳ ಅಂಚು ಹತ್ತಿಯಂತೆ ಹರಡಿಕೊಂಡೇ ಇತ್ತು. ಹತ್ತಿರದ ಬಂಡೆಯ ಗೆರೆಗಳು ಮಾತ್ರ ಸ್ಪಷ್ಟ.

ಲೆಕ್ಕ ಸರಳ. ಹಳೆಯ ಲೆನ್ಸ್ ಕೂರುವ ಎಫ್ ಮೌಂಟ್‌ನಿಂದ ಸೆನ್ಸರ್‌ಗೆ 46.5 ಮಿಲಿಮೀಟರ್, ನನ್ನ ಕ್ಯಾಮೆರಾದ ಜೆಡ್ ಮೌಂಟ್‌ನಿಂದ 16. ನಡುವಿನ ಅಡಾಪ್ಟರ್ ಸರಿಯಾಗಿ 30.5 ಇರಬೇಕು. 50 ಎಂಎಂ ಲೆನ್ಸಿಗೆ ಅದು 0.1 ಮಿಲಿಮೀಟರ್ ದಪ್ಪವಾದರೂ ಸಾಕು, ಸುಮಾರು 25 ಮೀಟರ್ ಆಚೆ ಫೋಕಸ್ ಹೋಗುವುದಿಲ್ಲ. ತುಸು ತೆಳ್ಳಗಿದ್ದರೆ ಚಿಂತೆಯಿಲ್ಲ, ದೂರದ್ದು ಅನಂತದ ಗುರುತಿಗಿಂತ ಸ್ವಲ್ಪ ಮೊದಲೇ ಚೂಪಾಗುತ್ತದೆ, ಅಷ್ಟೇ. ಪರೀಕ್ಷೆಯನ್ನು ಅಪರ್ಚರ್ ಪೂರ್ತಿ ತೆರೆದು ಎಫ್/1.8ರಲ್ಲೇ ಮಾಡಬೇಕು, ಎಫ್/8ಕ್ಕೆ ಇಳಿಸಿದರೆ ಈ ದೋಷ ಮುಚ್ಚಿಹೋಗುತ್ತದೆ. ಅಂಗಡಿಯವರಿಗೆ ಫೋಟೋ ತೋರಿಸಿದೆ, ತಕರಾರಿಲ್ಲದೆ ಬದಲಿ ಕೊಟ್ಟರು. ಎರಡನೆಯದು ತುಸು ತೆಳು. ಅದೇ ಬೇಕಿತ್ತು.

ಸಾದಾ ರಿಂಗ್ ಹಾಕಿದಾಗ ಅಪರ್ಚರನ್ನು ಲೆನ್ಸಿನ ಮೇಲೆಯೇ ತಿರುಗಿಸಬೇಕು. ಪರದೆಯಲ್ಲಿ 'ಎಫ್--' ಎಂದು ಬಂದರೆ ಗಾಬರಿ ಬೇಡ, ರಿಂಗಿಗೆ ಕಾಂಟ್ಯಾಕ್ಟ್ ಇಲ್ಲ. ಮೆನುವಿನಲ್ಲಿ ಸಿಪಿಯು ಇಲ್ಲದ (ಕ್ಯಾಮೆರಾಗೆ ತನ್ನ ಮಾಹಿತಿ ಕೊಡದ) ಲೆನ್ಸಿನ ಪಟ್ಟಿಗೆ 50 ಎಂಎಂ ಎಂದು ತುಂಬಿದರೆ ಕ್ಯಾಮೆರಾದೊಳಗಿನ ಅಲುಗಾಟ ತಡೆ ಸರಿಯಾಗಿ ಕೆಲಸ ಮಾಡುತ್ತದೆ.

ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಎರಡನ್ನೂ ಒಯ್ದೆ. ಸೇರಿನಲ್ಲಿ ಕಾಯಿ ಅಳೆಯುತ್ತಿದ್ದ ಅಜ್ಜಿಯ ಬೆರಳ ಸಂದಿನಲ್ಲಿ ಸಿಕ್ಕ ಕೆಮ್ಮಣ್ಣನ್ನು ಪೀಕಿಂಗ್ ಗೆರೆ (ಫೋಕಸ್ ಕೂತ ಅಂಚಿಗೆ ಪರದೆಯಲ್ಲಿ ಬರುವ ಬಣ್ಣದ ಗೆರೆ) ನೋಡಿಕೊಂಡು ಫೋಕಸ್ ಮಾಡಿದೆ. ಎರಡರಲ್ಲೂ ಚಿತ್ರ ಒಂದೇ ಥರ, ಏಕೆಂದರೆ ಎರಡರ ಒಳಗೂ ಗಾಜಿಲ್ಲ.

ಎಎಫ್-ಎಸ್ ಲೆನ್ಸ್ ಎರಡು ಮೂರಿದ್ದವರು ಎಫ್‌ಟಿಜೆಡ್‌ಗೆ ದುಡ್ಡು ಹಾಕಿ. ಮಾವನ ಲೆನ್ಸಿಗೆ ನಾನು ರಿಂಗನ್ನೇ ಉಳಿಸಿಕೊಂಡು ಎಫ್‌ಟಿಜೆಡ್ ವಾಪಸ್ ಕೊಟ್ಟೆ.