ಏಸಿ, ಕೂಲರ್, ಮಾಳಿಗೆಗೆ ಸುಣ್ಣ: ವಿಜಯಪುರದ ಬೇಸಿಗೆಗೆ ಯಾವುದು?

ನಮ್ಮದು ವಿಜಯಪುರದಲ್ಲಿ ಮೇಲಿನ ಮಹಡಿಯ ಆರ್‌ಸಿಸಿ ಮನೆ. ತಲೆ ಮೇಲೆ ಸ್ಲ್ಯಾಬ್, ಅದರ ಮೇಲೆ ನೇರ ಬಿಸಿಲು. ಹೊರಗೆ 41 ಡಿಗ್ರಿ ಇದ್ದ ದಿನ ಸ್ಲ್ಯಾಬ್ ಹೀರಿಕೊಂಡ ಕಾವು ರಾತ್ರಿ ಊಟದ ಹೊತ್ತಿಗೆ ಕೆಳಗೆ ಇಳಿಯಲು ಶುರು ಮಾಡುತ್ತದೆ. ಮಗಳು ಓದುವುದೂ ಅವ್ವ ಮಲಗುವುದೂ ಅದೇ ಕೋಣೆಯಲ್ಲಿ.

ಹಸಿರು ಕಟ್ಟಡ ಎಂದರೆ ಸೋಲಾರ್, ಮಳೆನೀರು ಕೊಯ್ಲು ಅಷ್ಟೇ ಎಂದು ತುಂಬಾ ಜನ ತಿಳಿದಿದ್ದಾರೆ. ಹಸಿರು ಕಟ್ಟಡಗಳನ್ನು ಅಳೆದು ಅಂಕ ಕೊಡುವ ಗೃಹ (GRIHA), ಐಜಿಬಿಸಿ (IGBC) ರೇಟಿಂಗ್‌ಗಳಲ್ಲಿ ಒಳಗಿನ ಗಾಳಿ, ಹಗಲು ಬೆಳಕು, ಗೋಡೆಯ ಬಣ್ಣದಿಂದ ಬರುವ ಘಾಟು ಇವಕ್ಕೂ ಅಂಕ ಇದೆ. ನಮ್ಮಂಥ ಮನೆಗೆ ಸರ್ಟಿಫಿಕೇಟ್ ಯಾಕೆ ಬೇಕು, ಅಳತೆ ಇದ್ದರೆ ಸಾಕು ಅಲ್ವಾ? ಕಾರ್ಬನ್ ಡೈಆಕ್ಸೈಡ್, ಉಷ್ಣತೆ, ತೇವ ಮೂರನ್ನೂ ತೋರಿಸುವ ಸಣ್ಣ ಮೀಟರ್ ತರಿಸಿ, ಆ ಒಂದೇ ಕೋಣೆಯಲ್ಲಿ ಮೂರು ದಾರಿಗಳನ್ನು ನೋಡಿದೆ.

ಮೊದಲು ಏಸಿ. 24 ಡಿಗ್ರಿಗೆ ಇಟ್ಟರೆ ಅರ್ಧ ಗಂಟೆಯಲ್ಲಿ ಕೋಣೆ ಹಿತವಾಗುತ್ತದೆ, ಸದ್ದಿಲ್ಲ, ಕಿಟಕಿ ಮುಚ್ಚಿರುವುದರಿಂದ ರಸ್ತೆಯ ಧೂಳೂ ಬರುವುದಿಲ್ಲ. ತಂಪಿನ ಲೆಕ್ಕದಲ್ಲಿ ಇದಕ್ಕೆ ಎದುರಿಲ್ಲ. ಮೀಟರ್ ಮಾತ್ರ ಬೇರೆ ಕಥೆ ಹೇಳಿತು. ಹೊರಗಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು 420 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ 420 ಭಾಗ, ಇರುತ್ತದೆ. ಇಬ್ಬರು ಮಲಗಿದ ಮುಚ್ಚಿದ ಕೋಣೆಯಲ್ಲಿ ಬೆಳಗಾಗುವಷ್ಟರಲ್ಲಿ ಅದು 2,000 ದಾಟಿತ್ತು. ಕಾರಣ ಸರಳ. ಗೋಡೆಗೆ ಹಾಕುವ ಸ್ಪ್ಲಿಟ್ ಏಸಿ ಹೊರಗಿನ ಗಾಳಿಯನ್ನು ತರುವುದೇ ಇಲ್ಲ, ಕೋಣೆಯ ಗಾಳಿಯನ್ನೇ ಸುತ್ತಿಸಿ ತಂಪು ಮಾಡುತ್ತದೆ. ಹೊರಗಿನ ಡಬ್ಬಿಯಿಂದ ಒಳಗೆ ಬರುವ ಕೊಳವೆಗಳಲ್ಲಿ ಇರುವುದು ತಂಪು ಮಾಡುವ ಗ್ಯಾಸ್, ಗಾಳಿಯಲ್ಲ. ಅವ್ವನಿಗೆ ಮೀಟರ್ ಬೇಕಾಗಲಿಲ್ಲ. "ಕಿಡಕಿ ಒಂದೀಟು ತಗಿಯೋ ತಮ್ಮಾ, ಉಸಿರು ಕಟ್ಟಿದಂಗ ಆಗತೈತಿ" ಎಂದು ಮೊದಲೇ ಹೇಳಿದ್ದಳು.

ಇದು ಓದುವವರಿಗೆ ಇನ್ನೂ ಮುಖ್ಯ. ಹಾರ್ವರ್ಡ್ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 24 ಜನ ಬೇರೆ ಬೇರೆ ಗಾಳಿಯಲ್ಲಿ ಕೂತು ಕೆಲಸ ಮಾಡಿ, ಯೋಚಿಸಿ ನಿರ್ಧರಿಸುವ ಪರೀಕ್ಷೆ ಬರೆದಿದ್ದರು. ಸುಮಾರು 550 ಪಿಪಿಎಂ ಇದ್ದ ದಿನಕ್ಕೆ ಹೋಲಿಸಿದರೆ, ಸುಮಾರು 1,400 ಇದ್ದ ದಿನ ಅಂಕ ಅರ್ಧಕ್ಕೆ ಇಳಿದಿತ್ತು. ಸಣ್ಣ ಗುಂಪು, ನಿಜ. ಆದರೂ ಪರೀಕ್ಷೆ ಹತ್ತಿರ ಬಂದಾಗ ಮಕ್ಕಳನ್ನು ಬಾಗಿಲು ಹಾಕಿ ಏಸಿ ಕೋಣೆಯಲ್ಲಿ ಕೂರಿಸುವ ಮುಂಚೆ ಯೋಚಿಸಬೇಕು.

ಬಿಲ್ ವಿಷಯ ಹೇಳದಿದ್ದರೆ ಹೇಗೆ? ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಮ್ಮದೇ. ದಿನಾ ರಾತ್ರಿ ಏಸಿ ಹಾಕಿದರೆ ದಾಟುವುದು ಕಷ್ಟವೇನಲ್ಲ.

ಕೂಲರ್ ಏಸಿಗೆ ಉಲ್ಟಾ. ಅದನ್ನು ಕಿಟಕಿಯಲ್ಲಿ ಕೂರಿಸಿ ಎದುರಿನ ಬಾಗಿಲು ತೆರೆದಿಟ್ಟರೇ ಕೆಲಸ ಮಾಡುವುದು. ಹೊರಗಿನ ಗಾಳಿ ಒದ್ದೆ ಪ್ಯಾಡ್ ದಾಟಿ ಒಳಗೆ ಬಂದು, ಆ ಕಡೆಯಿಂದ ಹೊರಗೆ ಹೋಗುತ್ತದೆ. ಕಾರ್ಬನ್ ಡೈಆಕ್ಸೈಡ್ ಮೀಟರ್ 500ರ ಆಚೀಚೆ ಅಲ್ಲಾಡಲಿಲ್ಲ. ಏಪ್ರಿಲ್‌ನ ಒಣ ಗಾಳಿಯಲ್ಲಿ ಕೋಣೆ 30–31 ಡಿಗ್ರಿಗೆ ಇಳಿಯಿತು. ಏಸಿಯಷ್ಟು ತಂಪಲ್ಲ, ಆದರೆ ಮೈಮೇಲೆ ಗಾಳಿ ಆಡುವುದರಿಂದ ಸಾಕೆನಿಸಿತು. ನಮ್ಮೂರಿನ ಅಸರ್ ಮಹಲ್ ಎದುರಿಗೆ ಆದಿಲ್‌ಶಾಹಿ ಕಾಲದ ಕೊಳ ಇದೆಯಲ್ಲ, ಸೆಕೆಯಲ್ಲಿ ಅದರ ದಂಡೆಗೆ ನಿಂತರೆ ಸಿಗುವ ತಂಪೂ ನೀರು ಆವಿಯಾಗುವುದರಿಂದಲೇ.

ಕೂಲರ್‌ನ ಕಾಟ ಬೇರೆ ಥರದ್ದು. ನಮ್ಮ ಬೋರ್‌ವೆಲ್‌ನದು ಸವಳು ನೀರು. ಸ್ವಲ್ಪ ದಿನದಲ್ಲೇ ಪ್ಯಾಡ್ ಮೇಲೆ ಬಿಳಿ ಉಪ್ಪಿನ ಪದರ ಕೂತು, ಉಗುರಿನಿಂದ ಕೆರೆದರೆ ಚಕ್ಕೆ ಚಕ್ಕೆಯಾಗಿ ಉದುರಿತು. ಆಮೇಲೆ ಗಾಳಿಯೇ ಕಮ್ಮಿ. ವಾರಕ್ಕೊಮ್ಮೆ ಟ್ಯಾಂಕ್ ಖಾಲಿ ಮಾಡಿ ಉಜ್ಜಲೇಬೇಕು, ಇಲ್ಲದಿದ್ದರೆ ಡೆಂಗಿ ಸೊಳ್ಳೆಗೆ ನಾವೇ ತೊಟ್ಟಿಲು ಕಟ್ಟಿದಂತೆ. ಸದ್ದೂ ಜಾಸ್ತಿ, ಫೋನಿನಲ್ಲಿ ಮಾತಾಡಬೇಕೆಂದರೆ ಮಗಳು ಹೊರಗೆ ಹೋಗುತ್ತಾಳೆ. ಜೂನ್‌ನಲ್ಲಿ ಮೋಡ ಕವಿದು ಗಾಳಿ ತೇವವಾದ ಮೇಲಂತೂ ಕೂಲರ್ ಸುಮ್ನೆ ಹಸಿ ಗಾಳಿ ಬೀಸುವ ಡಬ್ಬಿ. ಆಗ ಅದನ್ನು ಬಂದ್ ಮಾಡಿ ಫ್ಯಾನ್ ಹಾಕುವುದೇ ಮೇಲು.

ಮೂರನೆಯದು ಮಾಳಿಗೆಗೆ ಸುಣ್ಣ. ಸುಣ್ಣಕ್ಕೆ ವೈಟ್ ಸಿಮೆಂಟ್, ಅಂಟು ಕಲಸಿ ಎರಡು ಕೋಟ್ ಬಳಿಸಿದೆ. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುತ್ತದೆ, ಸ್ಲ್ಯಾಬ್‌ಗೆ ಕಾವು ಇಳಿಯುವುದೇ ಕಡಿಮೆ. ಮಧ್ಯಾಹ್ನ ಪಕ್ಕದ ಮನೆಯ ಬರೀ ಸ್ಲ್ಯಾಬ್ ಮೇಲೆ ಕಾಲಿಡಲಾಗುವುದಿಲ್ಲ, ನಮ್ಮದರ ಮೇಲೆ ಅವ್ವ ಚಪ್ಪಲಿ ಇಲ್ಲದೆ ಶಾಂಡಿಗೆ ಹಾಕುತ್ತಾಳೆ. ಒಳಗೆ ಸಂಜೆಯ ಉಷ್ಣತೆ ಎರಡು ಮೂರು ಡಿಗ್ರಿ ಇಳಿಯಿತು. ಅಷ್ಟೇನಾ ಅನ್ನಬಹುದು. ಆದರೆ ಕರೆಂಟ್ ಇಲ್ಲ, ನೀರಿಲ್ಲ, ಸದ್ದಿಲ್ಲ, ಕಿಟಕಿಯನ್ನೂ ಮುಚ್ಚಬೇಕಿಲ್ಲ. ನಮ್ಮ ಕಡೆ ನಡುರಾತ್ರಿ ದಾಟಿದರೆ ಹೊರಗಿನ ಗಾಳಿಯೇ ತಂಪಾಗುತ್ತದೆ, ಫ್ಯಾನ್ ಸಾಕು. ಧೂಳು ಕೂತು ಬಿಳಿ ಬಣ್ಣ ಬೂದು ಬಣ್ಣವಾಗುತ್ತದೆ, ಮಳೆಗೆ ತೊಳೆದೂ ಹೋಗುತ್ತದೆ. ಹಾಗಾಗಿ ಪ್ರತಿ ವರ್ಷ ಯುಗಾದಿಗೆ ಮುಂಚೆ ಬಳಿಸಬೇಕು.

ನನ್ನ ಆಯ್ಕೆ ಸುಣ್ಣ, ಅದರ ಜೊತೆ ಮೇ ಮುಗಿಯುವ ತನಕ ಕೂಲರ್. ಏಸಿ ಮಾರಿಲ್ಲ. ಕೂಲರ್‌ಗೆ ಬಗ್ಗದ ಮೇ ಕೊನೆಯ ಬೇಗೆಗೂ ಮಳೆಗೆ ಮುಂಚಿನ ಜಿಗುಟು ಸೆಕೆಗೂ ಅದೇ ಬೇಕು. ಆದರೆ ಈಗ ಬಾಗಿಲ ಮೇಲಿನ ವೆಂಟಿಲೇಟರ್ ಗಾಜನ್ನು ನಾಲ್ಕು ಬೆರಳು ತೆರೆದಿಟ್ಟು ಏಸಿ ಹಾಕುತ್ತೇವೆ. ಕೋಣೆ ತಂಪಾಗಲು ಸ್ವಲ್ಪ ಜಾಸ್ತಿ ಹೊತ್ತು ಹಿಡಿಯುತ್ತದೆ, ಮೀಟರ್ ಮಾತ್ರ ಬೆಳಗ್ಗೆ 1,100ರ ಹತ್ತಿರ ನಿಲ್ಲುತ್ತದೆ.