ದೋಣಿಗೆ ನಾಲ್ಕು ನಕ್ಷತ್ರ, ತಂದಿಳಿಸಿದವರಿಗೆ ಒಂದು

ಹದಿನಾಲ್ಕು ಅಡಿಯ ಫೈಬರ್ ದೋಣಿ, ಅದನ್ನು ಹೊತ್ತು ತರುವ ಟ್ರೇಲರ್, ಕೆರೆಯವರೆಗೂ ಬಂದು ನೀರಿಗಿಳಿಸಿ ಕೊಡುವ ಸೇವೆ. ಈ ಮೂರನ್ನೂ ಒಂದೇ ರಸೀದಿಯಲ್ಲಿ ಕೊಂಡಿದ್ದೇವೆ, ಆದರೆ ಮೂರಕ್ಕೂ ಒಂದೇ ಅಂಕ ಕೊಟ್ಟರೆ ದೋಣಿಗೆ ಅನ್ಯಾಯವಾಗುತ್ತದೆ. ದೋಣಿ ಚೆನ್ನಾಗಿದೆ. ಟ್ರೇಲರ್ ಪರವಾಗಿಲ್ಲ. ಸೇವೆಯ ವಿಷಯ ಬಂದರೆ ನನ್ನ ಭಾಮೈದನಿಗೆ ಇನ್ನೂ ಕೋಪ ಇಳಿದಿಲ್ಲ, ಹಾಗಾಗಿ ಬರೆಯುವ ಕೆಲಸ ನನ್ನ ತಲೆಗೆ ಬಂದಿದೆ. ತಯಾರಕರು ಬೆಂಗಳೂರಿನ ಹೊರವಲಯದವರು. ಹೆಸರು ಹಾಕುವುದಿಲ್ಲ. ಬಾಕಿ ಹಣದ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.

ಕೋಲಾರದವರಿಗೆ ಎಂಜಿನ್ ದೋಣಿ ಏಕೆ ಎಂದು ನಗುವವರಿದ್ದಾರೆ. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲದ ಜಿಲ್ಲೆ ನಮ್ಮದು, ನಿಜ. ಆದರೆ 2018ರಲ್ಲಿ ಕೆ.ಸಿ. ವ್ಯಾಲಿ ನೀರು ಲಕ್ಷ್ಮೀಸಾಗರ ಕೆರೆಗೆ ಬಂದು ಬಿದ್ದ ಮೇಲೆ ಇಲ್ಲಿನ ಲೆಕ್ಕ ಬದಲಾಗಿದೆ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ಇತ್ತ ಪಂಪ್ ಮಾಡುವ ಯೋಜನೆ ಅದು. 126 ಕೆರೆಗಳನ್ನು ತುಂಬಿಸುವುದು ಆಗಿನ ಗುರಿ. ಮೂರನೇ ಹಂತದ ಶುದ್ಧೀಕರಣವೂ ಆಗಬೇಕೆಂಬ ಕೂಗು ಅಂದಿನಿಂದಲೂ ಇದೆ, ನಾನೂ ಆ ಕಡೆಯವನೇ. ಆದರೆ ಇದು ಅದಕ್ಕೆ ಜಾಗವಲ್ಲ. 2021ರ ನವೆಂಬರ್ ಮಳೆಗಂತೂ ಜಾಲಿ ಬೆಳೆದು ನಿಂತಿದ್ದ ಕೆರೆಗಳೂ ಕೋಡಿ ಹರಿದವು. ಒಂದು ಕೆರೆಯ ಮೀನು ಪಾಶುವಾರು ಹಕ್ಕು, ಅಂದರೆ ಮೀನು ಸಾಕಿ ಹಿಡಿಯುವ ಗುತ್ತಿಗೆ, ನನ್ನ ಭಾಮೈದನ ಕೈಯಲ್ಲಿದೆ. ಕಾಟ್ಲಾ, ರೋಹು, ಮೃಗಾಲ್ ಮರಿ ಬಿಟ್ಟಿದ್ದಾನೆ. ಹರಿಗೋಲಿನಲ್ಲಿ ಕುಳಿತು ಇಷ್ಟು ಅಗಲದ ನೀರಿನಲ್ಲಿ ಬಲೆ ಬಿಡುವುದು, ಮೇವು ಹಾಕುವುದು, ರಾತ್ರಿ ಕಳ್ಳಬಲೆ ಹುಡುಕುವುದು ಆಗದ ಕೆಲಸ. ಹಣದಲ್ಲಿ ಅರ್ಧ ಪಾಲು ನನ್ನದು. ನನ್ನ ಹೊಟ್ಟೆಪಾಡು ವೆಲ್ಡಿಂಗ್ ಮತ್ತು ಲೇತ್ ಅಂಗಡಿ. ಟ್ರ್ಯಾಕ್ಟರ್ ಟ್ರೇಲರ್, ನೀರಿನ ಟ್ಯಾಂಕರ್, ರೋಟವೇಟರ್ ಬ್ಲೇಡು, ಏನು ಮುರಿದರೂ ನನ್ನ ಬಾಗಿಲಿಗೇ ಬರುತ್ತದೆ. ಆದ್ದರಿಂದ ಈ ವಿಮರ್ಶೆಯಲ್ಲಿ ಬಣ್ಣ, ಅಂದಚೆಂದ ಹುಡುಕಬೇಡಿ.

ಮೊದಲು ದೋಣಿ. ಎಂಜಿನ್ ಬಿಟ್ಟು ಲಕ್ಷದ ಆಸುಪಾಸು ಬೆಲೆ. ಹೊಟ್ಟೆಯ ಭಾಗವನ್ನು ಐದು ರೂಪಾಯಿ ನಾಣ್ಯದಿಂದ ತಟ್ಟುತ್ತಾ ಮುಂದಿನಿಂದ ಹಿಂದಿನವರೆಗೆ ಬಂದೆ. ಫೈಬರ್ ಪದರಗಳ ನಡುವೆ ಗಾಳಿ ಸಿಕ್ಕಿಕೊಂಡಿದ್ದರೆ ಸದ್ದು ಮಂದವಾಗುತ್ತದೆ. ಎಡಗಡೆಯ ಅಂಚಿನಲ್ಲಿ ಒಂದು ಅಂಗೈಯಗಲ ಜಾಗ ಬಿಟ್ಟರೆ ಎಲ್ಲ ಕಡೆಯೂ ಸದ್ದು ಗಟ್ಟಿಯಾಗಿಯೇ ಬಂತು. ಎಂಜಿನ್ ಕೂರಿಸುವ ಹಿಂಬದಿಯ ಹಲಗೆಗೆ ಫೈಬರ್ ಪದರದೊಳಗೆ ಮರ ಕೊಟ್ಟಿದ್ದಾರೆ, ಬೋಲ್ಟ್ ಹಾಕಿದ ತೂತುಗಳ ಸುತ್ತ ರೆಸಿನ್ ಬಳಿದಿದ್ದಾರೆ. ಈ ಒಂದು ಕೆಲಸ ತಪ್ಪಿದರೆ ತೂತಿನಿಂದ ನೀರು ಇಳಿದು ಒಳಗಿನ ಮರ ಕೊಳೆಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಕುಳಿತುಕೊಳ್ಳುವ ಎರಡೂ ಅಡ್ಡಪೆಟ್ಟಿಗೆಗಳಲ್ಲಿ ಫೋಮ್ ತುಂಬಿದ್ದಾರೆ. ಅಂಗಡಿಯವರು ಇದನ್ನು ದೊಡ್ಡದಾಗಿ ಹೇಳಿಕೊಳ್ಳಲಿಲ್ಲ. ಹೇಳಬೇಕಿತ್ತು. ದೋಣಿ ಇವತ್ತು ಇನ್ನೂ ನಮ್ಮ ಬಳಿ ಇರುವುದು ಆ ಫೋಮಿನಿಂದಲೇ.

ಈಗ ಬಿರಡೆಗೆ ಬರುತ್ತೇನೆ, ಏಕೆಂದರೆ ಜಗಳವೆಲ್ಲ ಅದರ ಸುತ್ತಲೇ.

ದೋಣಿಯ ಹಿಂಬದಿ ಹಲಗೆಯ ಕೆಳತುದಿಯಲ್ಲಿ ಒಂದು ತೂತಿರುತ್ತದೆ, ನಮ್ಮದರಲ್ಲಿ ಒಂದು ಅಂಗುಲದ್ದು. ಒಳಗೆ ಮಳೆನೀರು ನಿಂತರೆ, ಬಲೆಯಿಂದ ಸೋರಿದ ನೀರು ಸೇರಿದರೆ, ದೋಣಿ ದಡದಲ್ಲಿರುವಾಗ ಬಿರಡೆ ಬಿಚ್ಚಿ ಹರಿಸಿಬಿಡುವುದಕ್ಕೆ. ರಸ್ತೆಯಲ್ಲಿ ತರುವಾಗಲೂ ಬಿಚ್ಚಿಯೇ ತರುತ್ತಾರೆ. ಅಂದರೆ ಇದು ಆಗಾಗ ಬಿಚ್ಚಲೆಂದೇ ಮಾಡಿದ ಭಾಗ. ಬಿಚ್ಚಿದ್ದನ್ನು ಹಾಕಲು ಮರೆಯುವುದು ದೋಣಿಯಷ್ಟೇ ಹಳೆಯ ಕಾಯಿಲೆ ಇರಬೇಕು. ಇಷ್ಟು ಗೊತ್ತಿದ್ದೂ ತಯಾರಕರು ಆ ಬಿರಡೆಗೆ ಒಂದು ಗೇಣು ಸರಪಳಿ ಹಾಕಿಲ್ಲ. ತಿರುಪಿನ ಮರೆ ಇರುವ, ಹೆಬ್ಬೆರಳು ದಪ್ಪದ ಹಿತ್ತಾಳೆಯ ಬಿಡಿ ವಸ್ತು. ಅದನ್ನು ತಿರುಗಿಸಿ ಕೂರಿಸುವುದೂ ಒಳಗಿನಿಂದ, ನೆಲಹಾಸಿನ ಮುಚ್ಚಳ ಎತ್ತಿ. ಮುಚ್ಚಳ ಹಾಕಿದರೆ ಬಿರಡೆ ಇದೆಯೋ ಇಲ್ಲವೋ ದೇವರಿಗೇ ಗೊತ್ತು. ಹೊರಗಿನಿಂದ ಕೂರಿಸುವಂತೆ ಮಾಡಿದ್ದರೆ ಟ್ರೇಲರ್ ಹಿಂದೆ ನಿಂತವರ ಕಣ್ಣಿಗೆ ಬಿದ್ದೇ ಬೀಳುತ್ತಿತ್ತು. ದೋಣಿಗೆ ಐದನೇ ನಕ್ಷತ್ರ ತಪ್ಪಿದ್ದು ಇಲ್ಲಿ.

ಇಳಿಸಲು ಅಂಗಡಿಯಿಂದ ಇಬ್ಬರು ಹುಡುಗರು ಬಂದಿದ್ದರು. ‘ನೀವು ದೂರ ನಿಲ್ಲಿ ಅಣ್ಣ, ನಾವೇ ನೋಡಿಕೊಳ್ಳುತ್ತೇವೆ’ ಎಂದರು. ಸೇವೆಗೆ ಬೇರೆ ಹಣ ಕೊಟ್ಟಿದ್ದೇವಲ್ಲ, ನಿಂತೆವು. ಏರಿಯ ಕಡೆ ಕಲ್ಲು ಕಟ್ಟಿರುವುದರಿಂದ ಅಲ್ಲಿ ಇಳಿಸಲಾಗುವುದಿಲ್ಲ. ಎದುರು ದಡದಲ್ಲಿ, ದನ ನೀರು ಕುಡಿಯುವ ಇಳಿಜಾರಿನಲ್ಲಿ, ನಮ್ಮ ಟ್ರ್ಯಾಕ್ಟರ್ ಕಟ್ಟಿ ಟ್ರೇಲರನ್ನು ಹಿಂದಕ್ಕೆ ತಳ್ಳಿದರು. ದೋಣಿ ಸಲೀಸಾಗಿ ತೇಲಿತು. ಒಬ್ಬ ಹುಡುಗನೂ ನನ್ನ ಭಾಮೈದನೂ ಹತ್ತಿದರು. ಎಂಜಿನ್ ಶುರುವಾಯಿತು. ನಾಲ್ಕು ಜನ ಮೊಬೈಲ್‌ನಲ್ಲಿ ವಿಡಿಯೊ ಮಾಡುತ್ತಿದ್ದರು, ತೆಂಗಿನಕಾಯಿ ಒಡೆದ ಚಿಪ್ಪು ಇನ್ನೂ ದಡದಲ್ಲೇ ಇತ್ತು.

ಏರಿಯ ಮೇಲಿನಿಂದ ನಡೆದು ಬಂದಿದ್ದ ನಮ್ಮೂರಿನ ನೀರಗಂಟಿ ತಾತ ಮಾತ್ರ ಎಂಜಿನ್ ನೋಡುತ್ತಿರಲಿಲ್ಲ. ದೋಣಿಯ ಹಿಂಭಾಗದ ಅಂಚು ಮತ್ತು ನೀರಿನ ಮಟ್ಟ, ಇವೆರಡರ ನಡುವಿನ ಅಂತರವನ್ನೇ ನೋಡುತ್ತಿದ್ದರು. ಜೀವಮಾನವಿಡೀ ಕೆರೆಯ ತೂಬು ತೆಗೆದು ಮುಚ್ಚಿದವರ ಕಣ್ಣು ಅದು. ‘ಏನಪ್ಪಾ, ಇದಕ್ಕೆ ತೂಬಿಲ್ಲವೇ?’ ಎಂದು ಕೇಳಿದರು. ದಡದಲ್ಲಿದ್ದ ಇನ್ನೊಬ್ಬ ಹುಡುಗ ನಕ್ಕ. ನಗು ಅರ್ಧಕ್ಕೆ ನಿಂತು ಅವನ ಕೈ ತನ್ನ ಪ್ಯಾಂಟಿನ ಜೇಬಿಗೆ ಹೋಯಿತು. ಹೊರಬಂದದ್ದು ಒಂದು ಬೀಡಿ ಕಟ್ಟು, ಒಂದು ಬೀಗದ ಕೈ, ಮತ್ತು ಹಿತ್ತಾಳೆಯ ಬಿರಡೆ.

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು. ಒಂದು ಅಂಗುಲದ ತೂತು ನೀರಿನ ಮಟ್ಟದಿಂದ ಅರ್ಧ ಅಡಿ ಕೆಳಗಿದ್ದರೆ ನಿಮಿಷಕ್ಕೆ ಸುಮಾರು 30 ಲೀಟರ್ ಒಳಗೆ ಬರುತ್ತದೆ. ಹತ್ತು ನಿಮಿಷಕ್ಕೆ 300 ಲೀಟರ್, ಅಂದರೆ 300 ಕಿಲೊ. ದೋಣಿ ತಗ್ಗಿದಷ್ಟೂ ತೂತು ಆಳಕ್ಕಿಳಿಯುತ್ತದೆ, ಹಿಂಭಾಗದ ಅಂಚು ನೀರಿಗೆ ಹತ್ತಿರವಾಗುತ್ತದೆ. ಮೊದಲ ಕೆಲವು ನಿಮಿಷ ಒಳಗಿರುವವರಿಗೆ ತಿಳಿಯುವುದೇ ಇಲ್ಲ, ನೀರೆಲ್ಲ ನೆಲಹಾಸಿನ ಕೆಳಗೆ ಸೇರುತ್ತಿರುತ್ತದೆ. ವೇಗದ ದೊಡ್ಡ ಎಂಜಿನ್ ಇದ್ದು ದೋಣಿ ನೀರಿನ ಮೇಲೆದ್ದು ಓಡಿದರೆ ಅದೇ ತೂತಿನಿಂದ ನೀರು ಹೊರಗೂ ಹೋಗುತ್ತದೆ. ನಮ್ಮದು ಐದು ಅಶ್ವಶಕ್ತಿಯದು, ಆ ಭಾಗ್ಯವಿಲ್ಲ. ಎಂಜಿನ್ನಿನ ಸುಮಾರು 25 ಕಿಲೊ, ಪೆಟ್ರೋಲ್ ಡಬ್ಬ, ನಡೆಸುವವನ ತೂಕ ಎಲ್ಲವೂ ತೂತಿರುವ ಹಿಂಭಾಗದಲ್ಲೇ.

ದಡದಿಂದ ಕೂಗಿದ ತಕ್ಷಣ ಹುಡುಗ ಮಾಡಿದ್ದೇನು? ಎದ್ದು ಹಿಂದಕ್ಕೆ ಹೋಗಿ ಬಗ್ಗಿ ನೋಡಿದ. ಇನ್ನೊಬ್ಬನ ತೂಕವೂ ಹಿಂದಕ್ಕೆ ಬಿತ್ತು, ಹಿಂಭಾಗದ ಅಂಚಿನಿಂದ ನೀರು ನೇರವಾಗಿಯೇ ಒಳನುಗ್ಗಿತು. ಮಾಡಬೇಕಾದದ್ದು ತದ್ವಿರುದ್ಧ: ಎಲ್ಲರೂ ಮುಂಭಾಗಕ್ಕೆ ಸರಿದರೆ ಹಿಂಭಾಗ ಎತ್ತರಿಸಿ ತೂತು ಮೇಲಕ್ಕೆ ಬರುತ್ತದೆ. ನನ್ನ ಭಾಮೈದ ಅವನ ಅಂಗಿಯ ಕಾಲರ್ ಹಿಡಿದು ಮುಂದಕ್ಕೆ ಎಳೆದ. ಜೊತೆಗೆ ತೆಲುಗಿನಲ್ಲಿ ಬೈದ. ನಮ್ಮ ಕಡೆ ಬೈಗುಳಕ್ಕೆ ತೆಲುಗೇ ಅನುಕೂಲ. ಪುಣ್ಯಕ್ಕೆ ಅವರಿನ್ನೂ ಸೊಂಟಮಟ್ಟದ ನೀರಿನಲ್ಲಿದ್ದರು. ಈ ಕೆರೆಯಲ್ಲಿ ಜೆಸಿಬಿಯಿಂದ ಹೂಳು ತೆಗೆದ ಗುಂಡಿಗಳಿವೆ, ಹತ್ತು ಹೆಜ್ಜೆ ಆಚೆ ಹೋಗಿದ್ದರೆ ಮಾತು ಬೇರೆಯಾಗುತ್ತಿತ್ತು. ಅಂದಹಾಗೆ, ಲೈಫ್ ಜಾಕೆಟ್ ದರದಲ್ಲಿ ಸೇರಿರಲಿಲ್ಲ, ನಾವೇ ಬೇರೆ ಕೊಂಡಿದ್ದೆವು; ಹುಡುಗ ಅದನ್ನು ಹಾಕಿಕೊಂಡಿರಲಿಲ್ಲ.

ಬಿರಡೆ ಕೈಯಲ್ಲಿದ್ದೂ ಪ್ರಯೋಜನವಾಗಲಿಲ್ಲ. ಒಳಗಿನಿಂದ ಕೂರಿಸುವ ಬಿರಡೆ, ಒಳಗೆ ಮೊಣಕಾಲುದ್ದ ನೀರು, ಮುಚ್ಚಳದ ತಿರುಪುಗಳು ನೀರಿನಡಿಯಲ್ಲಿ. ನೀರಗಂಟಿ ತಾತನೇ ಒಂದು ಜಾಲಿ ಕಡ್ಡಿಯನ್ನು ಮಚ್ಚಿನಿಂದ ಸವರಿ, ತಮ್ಮ ಟವೆಲಿನ ಅಂಚು ಹರಿದು ಅದಕ್ಕೆ ಸುತ್ತಿ ಕೊಟ್ಟರು. ನಾನು ನೀರಿಗಿಳಿದು ಹೊರಗಿನಿಂದ ತೂತು ತಡಕಿ ಅದನ್ನು ಒತ್ತಿ ಕೂರಿಸಿದೆ. ಬೆರಳಿಗೆ ನೀರಿನ ಸೆಳೆತ ತಾಗುತ್ತಿತ್ತು. ಬಟ್ಟೆ ನೆನೆದು ಉಬ್ಬಿದ ಮೇಲೆ ನಿಂತಿತು. ಹಿಂಭಾಗ ನೀರಿಗೆ ಸಮವಾಗಿ ನಿಂತಿತೇ ಹೊರತು ದೋಣಿ ಮುಳುಗಲಿಲ್ಲ. ಫೋಮ್ ತುಂಬಿದ ದೋಣಿಗೆ ನಾಲ್ಕು ನಕ್ಷತ್ರ ಎಂದದ್ದು ಸುಮ್ಮನೆ ಅಲ್ಲ. ಎಂಜಿನ್ನಿನ ತಲೆಗೂ ನೀರು ಮುಟ್ಟಲಿಲ್ಲ.

ಹುಡುಗರ ಎರಡನೇ ಬುದ್ಧಿವಂತಿಕೆ: ನೀರು ತುಂಬಿದ ದೋಣಿಯನ್ನು ಹಾಗೆಯೇ ಟ್ರೇಲರ್ ಮೇಲೆ ಎಳೆಯಲು ಹೊರಟರು. ಇಲ್ಲಿ ನಾನು ಅಡ್ಡ ನಿಂತೆ. ಒಳಗಿರುವ ನೀರೆಲ್ಲ ಹಿಂದಕ್ಕೆ ಸರಿಯುತ್ತದೆ, ಭಾರ ಅಚ್ಚಿನ ಹಿಂದೆ ಬಿದ್ದು ಟ್ರೇಲರಿನ ಮೂತಿ ಟ್ರ್ಯಾಕ್ಟರ್ ಕೊಕ್ಕೆಯನ್ನೇ ಮೇಲೆತ್ತುತ್ತದೆ, ಚೌಕಟ್ಟು ಬಾಗುತ್ತದೆ. ದೋಣಿಯ ಮೂತಿಯನ್ನಷ್ಟೇ ದಡಕ್ಕೆ ಎಳೆದು, ಬಕೆಟ್ಟಿನಲ್ಲಿ ಮೊಗೆದು, ತೂತು ನೀರಿನಿಂದ ಮೇಲೆ ಬಂದ ಮೇಲೆ ಜಾಲಿ ಕಡ್ಡಿ ಕಿತ್ತು ಉಳಿದದ್ದನ್ನು ಹರಿಯಬಿಟ್ಟೆವು. ಸಂಜೆಯಾಯಿತು.

ಟ್ರೇಲರ್ ಬಗ್ಗೆ ಎರಡು ಮಾತು ಸಾಕು. ಎರಡು ಕಡೆ ವೆಲ್ಡಿಂಗಿನ ಕಿಟ್ಟ ಉದುರಿಸದೆ ಅದರ ಮೇಲೆಯೇ ಬಣ್ಣ ಹೊಡೆದಿದ್ದಾರೆ. ನಾನು ತಿಕ್ಕಿ ಮತ್ತೆ ವೆಲ್ಡ್ ಮಾಡಿದೆ. ಚಕ್ರದ ಬೇರಿಂಗಿಗೆ ಒಳ್ಳೆಯ ಸೀಲ್ ಇಲ್ಲ. ರಸ್ತೆಯಲ್ಲಿ ಓಡಿ ಬಿಸಿಯಾದ ಹಬ್ಬನ್ನು, ಅಂದರೆ ಚಕ್ರದ ನಡುಭಾಗವನ್ನು, ನೇರವಾಗಿ ನೀರಿಗೆ ಅದ್ದಿದರೆ ಒಳಗಿನ ಗಾಳಿ ತಣಿದು ಕುಗ್ಗಿ ನೀರನ್ನು ಒಳಗೆಳೆದುಕೊಳ್ಳುತ್ತದೆ, ಗ್ರೀಸ್ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ದಡದಲ್ಲಿ ಒಂದು ಟೀ ಕುಡಿಯುವಷ್ಟು ಹೊತ್ತು ಕಾದು ಇಳಿಸಿ. ಕೈಪಿಡಿಯಲ್ಲಿ ಇದಿಲ್ಲ. ಕೈಪಿಡಿಯಲ್ಲಿ ಬಿರಡೆಯೂ ಇಲ್ಲ. ಆದರೆ ಕಂಪನಿಯ ಇತಿಹಾಸ ಎರಡು ಪುಟ ಇದೆ.

ದೂರು ಹೇಳಲು ಫೋನ್ ಮಾಡಿದೆ. ಮಾಲೀಕರು ಒರಟಾಗಿ ಮಾತನಾಡಲಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ‘ಎಲ್ಲ ಕಡೆಯೂ ಆಗುತ್ತದೆ ಸರ್, ಎಂಥೆಂಥವರೂ ಮರೆಯುತ್ತಾರೆ’ ಎಂದರು. ಎಲ್ಲರೂ ಮರೆಯುತ್ತಾರೆಂದು ಗೊತ್ತಿದ್ದವರು ಸರಪಳಿ ಹಾಕದೆ ಮಾರಿದ್ದೇಕೆ ಎಂದು ಕೇಳಿದೆ. ಬದಲಿ ಬಿರಡೆ ಕಳಿಸುತ್ತೇವೆ ಎಂದರು. ಬಂದಿಲ್ಲ. ಇಳಿಸುವ ಸೇವೆಯ ಹಣ ವಾಪಸ್ ಕೇಳಿದ್ದಕ್ಕೆ ‘ದೋಣಿ ಇಳಿಯಿತಲ್ಲ ಸರ್’ ಎಂಬ ಉತ್ತರ ಬಂತು. ಇಳಿದದ್ದು ನಿಜ, ಅವರು ಅಂದುಕೊಂಡದ್ದಕ್ಕಿಂತ ತುಸು ಹೆಚ್ಚೇ ಇಳಿಯಿತು.

ನಾನು ಮಾಡಿಕೊಂಡ ರಿಪೇರಿ ಹೇಳುತ್ತೇನೆ, ಇದೇ ದೋಣಿ ಇರುವವರಿಗೆ ಉಪಯೋಗಕ್ಕೆ ಬರಬಹುದು. ಲೇತಿನಲ್ಲಿ ಹಿತ್ತಾಳೆಯ ಎರಡು ಬಿರಡೆ ತಿರುವಿದೆ. ತೂತಿಗೆ ಹೊರಗಿನಿಂದ ಮರೆ ಇರುವ ಹೊಸ ಬುಷ್ ಕೂರಿಸಿ ಸುತ್ತ ಸೀಲಂಟ್ ಹಾಕಿದೆ. ದೋಣಿ ಅಲ್ಯೂಮಿನಿಯಂ ಆಗಿದ್ದರೆ ಹಿತ್ತಾಳೆ ಬೇಡ, ಎರಡು ಲೋಹ ಸೇರಿದ ಕಡೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಪಿಡಿ ಮಡಚಿದರೆ ಉಬ್ಬುವ ರಬ್ಬರ್ ಬಿರಡೆ ಹಾಕಿ, ಬಿಸಿಲಿಗೆ ಬಿರಿದಿದೆಯೇ ಎಂದು ಆಗಾಗ ನೋಡಿ. ಒಂದು ಬಿರಡೆಯನ್ನು ಸೈಕಲ್ ಬ್ರೇಕ್ ತಂತಿಯಿಂದ ಹಿಂಬದಿ ಹಲಗೆಗೇ ಕಟ್ಟಿದ್ದೇನೆ. ಎಂಜಿನ್ನಿಗೆ ಒಂದು ಸುರಕ್ಷಾ ದಾರ ಬರುತ್ತದೆ, ಅದರ ಕ್ಲಿಪ್ ಸಿಕ್ಕಿಸದಿದ್ದರೆ ಎಂಜಿನ್ ಶುರುವಾಗುವುದಿಲ್ಲ. ದೋಣಿ ದಡದಲ್ಲಿರುವಾಗ ಆ ದಾರವನ್ನು ಬಿಚ್ಚಿದ ಬಿರಡೆಗೇ ಸುತ್ತಿಡುವುದು ನಮ್ಮ ಪದ್ಧತಿ. ಎಂಜಿನ್ ಬೇಕಾದವನು ಬಿರಡೆಯನ್ನು ಮುಟ್ಟಲೇಬೇಕು. ಎರಡನೆಯ ಬಿರಡೆ ಟ್ರ್ಯಾಕ್ಟರ್ ಬೀಗದ ಕೈಯ ಗೊಂಚಲಿನಲ್ಲಿದೆ. ಭಾಮೈದ ಮೊದಲು ‘ಇಷ್ಟೆಲ್ಲ ಏಕೆ ಭಾವ?’ ಎಂದ, ಈಗ ದಾರ ಬಿಚ್ಚುವವರನ್ನು ಅವನೇ ಗದರುತ್ತಾನೆ.

ಕೊನೆಯ ಮಾತು ಕೊಳ್ಳುವವರಿಗೆ. ದೋಣಿ ಕೊಳ್ಳಿ, ಈ ಬೆಲೆಗೆ ಇಷ್ಟು ಗಟ್ಟಿ ತಳ ಸಿಗುವುದು ಕಷ್ಟ. ಆರ್ಡರ್ ಕೊಡುವಾಗಲೇ ಬಿರಡೆ ಹೊರಗಿನಿಂದ ಕೂರುವಂತೆ ಮಾಡಿಕೊಡಲು ಕೇಳಿ, ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಟ್ರೇಲರನ್ನು ನಿಮ್ಮೂರಿನ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಿ, ಇದನ್ನು ಸ್ವಾರ್ಥದಿಂದಲೇ ಹೇಳುತ್ತಿದ್ದೇನೆ. ಇಳಿಸುವ ಸೇವೆಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಎಂಜಿನ್ನಿನ ಬಗ್ಗೆ ಈಗಲೇ ಏನೂ ಬರೆಯುವುದಿಲ್ಲ. ಕೆರೆಯಲ್ಲಿ ಜೊಂಡು ಬಹಳ, ಒಂದು ಬೇಸಿಗೆ ಕಳೆದ ಮೇಲೆ ಎಂಜಿನ್ನಿನ ಪ್ರೊಪೆಲ್ಲರ್ ರೆಕ್ಕೆ ಎಷ್ಟು ಉಳಿದಿದೆ ನೋಡಿ ಬರೆಯುತ್ತೇನೆ.